ಕಂಬಿಯ ತೂಕ ಎಲ್ಲರಿಗೂ ಬೇಕು, ಜಾಗ ಯಾರಿಗೂ ಬೇಡ

"ವಿಶಾಖ ಉಕ್ಕು, ಆಂಧ್ರುಲ ಹಕ್ಕು." ವಿಶಾಖಪಟ್ಟಣದಲ್ಲಿ ನಾಲ್ಕು ದಿನ ಇದ್ದವರಿಗೂ ಈ ಘೋಷಣೆ ಬಾಯಿಪಾಠ ಆಗಿಬಿಡುತ್ತೆ. ಹುಟ್ಟಿದ್ದು 1966ರಲ್ಲಿ. ಆ ವರ್ಷ ಪೊಲೀಸ್ ಗೋಲಿಬಾರಿನಲ್ಲಿ ಜನ ಪ್ರಾಣ ಕಳಕೊಂಡರು. 1970ರಲ್ಲಿ ಇಂದಿರಾ ಗಾಂಧಿಯವರು ವಿಶಾಖಪಟ್ಟಣ, ನಮ್ಮ ಹೊಸಪೇಟೆ ಮತ್ತು ಸೇಲಂಗೆ ಒಟ್ಟಿಗೆ ಉಕ್ಕಿನ ಕಾರ್ಖಾನೆ ಘೋಷಿಸಿದರು. 1992ರಲ್ಲಿ ಇಲ್ಲಿಯ ಕಾರ್ಖಾನೆ ದೇಶಕ್ಕೆ ಅರ್ಪಣೆ ಆಯಿತು. 2021ರಲ್ಲಿ ಅದನ್ನು ಖಾಸಗಿಯವರಿಗೆ ಮಾರ್ತೀವಿ ಅಂತ ಕೇಂದ್ರ ಹೇಳಿದಾಗ ಅದೇ ಘೋಷಣೆ ಮತ್ತೆ ಬೀದಿಗೆ ಬಂತು. ಉಕ್ಕನ್ನು ಹಕ್ಕು ಅಂತ ಕೇಳಿ ಪಡೆದ ಊರು ಭಾರತದಲ್ಲಿ ಇನ್ನೊಂದಿದೆಯೋ ಇಲ್ಲವೋ.

ಈ ಊರಲ್ಲೂ ವಿಜಯವಾಡದಲ್ಲೂ ಸೇರಿ ಇಪ್ಪತ್ತು ವರ್ಷಕ್ಕೂ ಮೇಲೆ ಬ್ಯಾಂಕಿನ ಕುರ್ಚಿಯಲ್ಲಿ ಕೂತಿರುವ ನನ್ನದೊಂದು ತಕರಾರಿದೆ. ಹಕ್ಕು ಅಂತ ಪಡೆದ ಆ ಉಕ್ಕನ್ನು ಕಾಂಕ್ರೀಟಿನ ಒಳಗೆ ಎಲ್ಲಿ ಇಡಬೇಕು ಅನ್ನೋ ಪ್ರಶ್ನೆಯನ್ನು ಇಲ್ಲಿ ಯಾರೂ ಕೇಳೋದಿಲ್ಲ. ಎಷ್ಟು ಟನ್? ಯಾವ ಕಂಪನಿ? ಎಫ್ಇ 500 ಇದೆಯೋ 550 ಇದೆಯೋ? ಇಷ್ಟೇ ಮಾತು. ಟಿವಿಯಲ್ಲಿ ಸಿನಿಮಾ ಹೀರೋ ಬಂದು ಟಿಎಂಟಿ ಕಂಬಿ ಹಿಡಿದು ಡೈಲಾಗ್ ಹೊಡೀತಾನೆ. ಆ ಕಂಬಿ ನೆಲದಿಂದ ಎಷ್ಟು ಎತ್ತರದಲ್ಲಿ ಕೂರಬೇಕು ಅಂತ ಹೇಳೋ ಹೀರೋನ ನಾನಿನ್ನೂ ನೋಡಿಲ್ಲ.

"ನೀನು ಬಿಕಾಂ ಓದಿದವನು, ನಿನಗ್ಯಾಕಪ್ಪಾ ಕಂಬಿ ಉಸಾಬರಿ?" ಅಂತ ನೀವು ಕೇಳಬಹುದು. ಇಲ್ಲಿನ ಇಂಜಿನಿಯರ್ ಮಿತ್ರರೂ ಕೇಳಿದ್ದಾರೆ. ಉತ್ತರ ಸುಲಭ. ಆ ಕಂಬಿಗೆ ದುಡ್ಡು ಕೊಡೋದು ಬ್ಯಾಂಕು. ಬ್ಯಾಂಕಿನಲ್ಲಿರೋದು ನಿಮ್ಮ ದುಡ್ಡು. ಅದಕ್ಕೇ ಈ ಉಸಾಬರಿ.

ನಾನು ಮಾತಾಡ್ತಿರೋದು ಮನೆಯ ಆರ್‌ಸಿಸಿ ಬಗ್ಗೆ ಅಲ್ಲ. ಅದರ ಬಗ್ಗೆ ಮಾತಾಡೋರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳ್ತಿರೋದು ಭಾರದ ಯಂತ್ರಗಳ ಕೆಳಗೆ ಹಾಕುವ ಕಾಂಕ್ರೀಟ್ ಪ್ಯಾಡ್ ಬಗ್ಗೆ. ಪವರ್ ಪ್ರೆಸ್, ಲೇತು, ಕಂಪ್ರೆಸರ್, ಜನರೇಟರ್, ಟ್ರಾನ್ಸ್‌ಫಾರ್ಮರ್, ಇವೆಲ್ಲ ಕೂರುವ ಹಾಸು. ಗಾಜುವಾಕ ಆಟೋನಗರದ ಶೆಡ್ಡುಗಳಲ್ಲಿ, ವಿಜಯವಾಡದ ಆಟೋನಗರದಲ್ಲಿ ಇಂಥವು ಎಷ್ಟಿವೆಯೋ ಲೆಕ್ಕವಿಲ್ಲ. ನಿಮ್ಮ ಅಪಾರ್ಟ್‌ಮೆಂಟಿನ ಮೂಲೆಯಲ್ಲಿ ಜನರೇಟರ್ ಕೂತಿದೆಯಲ್ಲ, ಅದರ ಕೆಳಗೂ ಒಂದಿದೆ. ನೋಡೋಕೆ ಬರೀ ನೆಲ. ಅದಕ್ಕೇ ಎಲ್ಲರಿಗೂ ಅದರ ಬಗ್ಗೆ ಅಷ್ಟು ಅಸಡ್ಡೆ.

ಈ ಅಸಡ್ಡೆ ಎಲ್ಲಿಂದ ಬರುತ್ತೆ ಅಂತ ಒಂದು ಸಣ್ಣ ಲೆಕ್ಕ ಹಾಕಿ ತೋರಿಸ್ತೀನಿ. ಹೆದರಬೇಡಿ, ಕೂಡಿಸಿ ಗುಣಿಸೋ ಲೆಕ್ಕ ಅಷ್ಟೆ.

ಒಂದು ಪ್ಯಾಡ್ ತಗೊಳ್ಳಿ. 3 ಮೀಟರ್ ಉದ್ದ, 2 ಮೀಟರ್ ಅಗಲ, 300 ಮಿಲಿಮೀಟರ್ ದಪ್ಪ. ಮೇಲೊಂದು ಜಾಲರಿ, ಕೆಳಗೊಂದು ಜಾಲರಿ, 12 ಮಿಮೀ ಕಂಬಿ, 200 ಮಿಮೀಗೆ ಒಂದರಂತೆ. ಅಡ್ಡ ಉದ್ದ ಎಲ್ಲ ಸೇರಿಸಿದರೆ ಸುಮಾರು 125 ಮೀಟರ್ ಕಂಬಿ. ಕಂಬಿಯ ತೂಕ ಕಂಡುಹಿಡಿಯೋಕೆ ಪ್ರತಿ ಸೈಟಿನ ಮೇಸ್ತ್ರಿಗೂ ಗೊತ್ತಿರೋ ಸೂತ್ರ ಒಂದಿದೆ: ವ್ಯಾಸದ ವರ್ಗವನ್ನು 162ರಿಂದ ಭಾಗಿಸು, ಒಂದು ಮೀಟರಿನ ತೂಕ ಕೆಜಿಯಲ್ಲಿ ಬರುತ್ತೆ. ಹನ್ನೆರಡು ಹನ್ನೆರಡಲ 144, ಭಾಗಿಸು 162, ಸುಮಾರು 0.89. ಅಂದರೆ ಒಟ್ಟು 110 ಕೆಜಿ ಹತ್ತಿರ. ಗುತ್ತಿಗೆದಾರ ಬಿಲ್ಲಿನಲ್ಲಿ 110 ಕೆಜಿ ಬರೀತಾನೆ. ಇಂಜಿನಿಯರ್ ಟಿಕ್ ಹಾಕ್ತಾನೆ. ಮಾಲೀಕ ಚೆಕ್ ಕೊಡ್ತಾನೆ. ಎಲ್ಲರದೂ ಲೆಕ್ಕ ಸರಿ.

ಈಗ ಹೇಳಿ, ಮೇಲಿನ ಜಾಲರಿ ಇರಬೇಕಾದ ಕಡೆ ಇಲ್ಲದೆ ಕುಸಿದು ಪ್ಯಾಡಿನ ನಟ್ಟನಡುವೆ ಮಲಗಿದ್ದರೆ ತೂಕ ಎಷ್ಟು? 110 ಕೆಜಿ. ಕೆಳಗಿನ ಜಾಲರಿ ಮಣ್ಣಿನ ಮೇಲೇ ಬಿದ್ದಿದ್ದರೆ? ಆಗಲೂ 110 ಕೆಜಿ. ಸೂತ್ರಕ್ಕೆ ತೂಕ ಗೊತ್ತು, ಜಾಗ ಗೊತ್ತಿಲ್ಲ. ಬಿಲ್ಲಿಗೂ ಅಷ್ಟೆ. ಇಡೀ ರೋಗದ ಮೂಲ ಇದೇ ಸ್ವಾಮಿ. ನಾವು ತೂಕಕ್ಕೆ ದುಡ್ಡು ಕೊಡ್ತೀವಿ, ಜಾಗಕ್ಕೆ ಕೊಡೋದಿಲ್ಲ.

ಜಾಗ ಯಾಕೆ ಮುಖ್ಯ? ಒಂದು ಹಸಿ ಕಡ್ಡಿಯನ್ನು ಬಗ್ಗಿಸಿ ನೋಡಿ. ಒಳಬದಿ ಮುದುರಿಕೊಳ್ಳುತ್ತೆ, ಹೊರಬದಿ ಸೀಳುತ್ತೆ. ಕಾಂಕ್ರೀಟಿಗೆ ಮುದುರೋ ಒತ್ತಡವನ್ನು ಚೆನ್ನಾಗಿ ತಡೆಯೋ ತಾಕತ್ತಿದೆ. ಎಳೆತ ಬಂದರೆ ಮಾತ್ರ ಅದರ ಶಕ್ತಿ ಹತ್ತರಲ್ಲಿ ಒಂದು ಪಾಲು. ಸೀಳೋ ಬದಿಯಲ್ಲಿ ಎಳೆತ ಹಿಡಿಯೋಕೇ ಕಂಬಿ ಇಡೋದು. ನಟ್ಟನಡುವೆ ಇಟ್ಟರೆ ಅಲ್ಲಿ ಮುದುರೋದೂ ಇಲ್ಲ, ಸೀಳೋದೂ ಇಲ್ಲ, ಕಂಬಿಗೆ ಹೆಚ್ಚು ಕೆಲಸವೇ ಇಲ್ಲ. ನಮ್ಮ 300 ಮಿಮೀ ಪ್ಯಾಡಿನಲ್ಲಿ 50 ಮಿಮೀ ಕವರ್ ಬಿಟ್ಟು ಮೇಲಿನ ಜಾಲರಿ ಕೂರಿಸಿದರೆ, ಪ್ಯಾಡಿನ ತಳದಿಂದ ಆ ಕಂಬಿಗೆ ಸುಮಾರು 240 ಮಿಮೀ ಎತ್ತರ ಸಿಗುತ್ತೆ. ಅದೇ ಜಾಲರಿ ನಡುವಿಗೆ ಕುಸಿದರೆ 150. ಬಾಗುವಿಕೆ ತಡೆಯೋ ಶಕ್ತಿ ಹೆಚ್ಚುಕಡಿಮೆ ಈ ಎತ್ತರದ ಲೆಕ್ಕಕ್ಕೇ ಇಳಿಯುತ್ತೆ. ನೂರು ಇದ್ದದ್ದು ಅರವತ್ತು ಚಿಲ್ಲರೆ ಆಯಿತು. ನೀವು ಮಾತ್ರ ನೂರಕ್ಕೇ ದುಡ್ಡು ಕೊಟ್ಟಿದ್ದೀರಿ.

ನೆಲದ ಮೇಲೆ ಕೂತಿರೋ ಪ್ಯಾಡಿಗೆ ಬಾಗೋದು ಎಲ್ಲಿಂದ ಬಂತು ಅಂತ ಕೆಲವರು ವಾದ ಮಾಡ್ತಾರೆ. ಆ ನೆಲ ಯಾವುದು ಅಂತ ನೋಡಿದ್ದೀರಾ? ವಿಜಯವಾಡದ ಸುತ್ತ ಕರಿ ಎರೆಮಣ್ಣು. ತೆಲುಗಿನಲ್ಲಿ ನಲ್ಲ ರೇಗಡಿ ಅಂತಾರೆ. ನಮ್ಮ ಗದಗ, ಧಾರವಾಡ, ರಾಯಚೂರು ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರಿಯುತ್ತೆ. ಪ್ಯಾಡಿನ ಒಂದು ಮೂಲೆ ಎದ್ದರೆ ಇನ್ನೊಂದು ಕೂರುತ್ತೆ. ಕೆಳಗೆ ಮಣ್ಣು ಬಿಟ್ಟುಕೊಂಡ ಕಡೆ ಪ್ಯಾಡು ಸೇತುವೆ ಥರ ತಾನೇ ಭಾರ ಹೊರಬೇಕು. 2024ರ ಸೆಪ್ಟೆಂಬರ್ ಮೊದಲ ದಿನ ಬುಡಮೇರು ಉಕ್ಕಿ ಸಿಂಗ್ ನಗರದ ಕಡೆಯ ಬೀದಿಗಳೆಲ್ಲ ದಿನಗಟ್ಟಲೆ ನೀರಿನಲ್ಲಿ ನಿಂತವು. ಹಾಗೆ ನಿಂತ ನೀರು ಇಳಿಯುವಾಗ ಸುಮ್ಮನೆ ಇಳಿಯೋದಿಲ್ಲ, ಕೆಳಗಿನ ಮಣ್ಣನ್ನೂ ಅಷ್ಟಿಷ್ಟು ಎಳಕೊಂಡು ಹೋಗುತ್ತೆ. ಕಂಬಿಗೆ ಕೆಲಸ ಬೀಳೋದು ಇಂಥ ದಿನ. ಆ ದಿನ ಅದು ತನ್ನ ಜಾಗದಲ್ಲಿ ಇರಬೇಕು.

ವಿಶಾಖಪಟ್ಟಣದ್ದು ಬೇರೆ ಕಥೆ, ಅಲ್ಲಿ ಶತ್ರು ಉಪ್ಪು. ಸಮುದ್ರದ ಗಾಳಿಗೆ ಮನೆಯ ಗ್ರಿಲ್, ಸ್ಕೂಟರ್, ಗೇಟಿನ ಕೀಲು ಏನಾಗುತ್ತೆ ಅಂತ ಅಲ್ಲಿರೋ ಕನ್ನಡಿಗರಿಗೆಲ್ಲ ಗೊತ್ತು. ಮಂಗಳೂರು ಕಾರವಾರದವರಿಗೂ ಗೊತ್ತು. ಕಂಬಿಗೆ ಇರೋ ಒಂದೇ ರಕ್ಷಣೆ ಅದರ ಸುತ್ತ ಇರೋ ಕಾಂಕ್ರೀಟ್. ಅದನ್ನೇ ಕವರ್ ಅನ್ನೋದು. ಐಎಸ್ 456 ಅನ್ನೋ ನಮ್ಮ ದೇಶದ ಕಾಂಕ್ರೀಟ್ ಸಂಹಿತೆ 2000ನೇ ಇಸವಿಯ ಆವೃತ್ತಿಯಲ್ಲಿ ಸ್ಪಷ್ಟವಾಗಿ ಬರೆದಿದೆ. ಸಾಧಾರಣ ಒಳಾಂಗಣಕ್ಕೆ 20 ಮಿಮೀ ಕವರ್ ಸಾಕು. ಕರಾವಳಿಯ ವಾತಾವರಣಕ್ಕೆ ಒಡ್ಡಿಕೊಂಡ ಕಾಂಕ್ರೀಟಿಗೆ 45 ಬೇಕು. ಸಮುದ್ರದ ನೀರು ಸಿಡಿಯೋ ಕಡೆ 50. ಪಾಯಕ್ಕಂತೂ ಎಲ್ಲೇ ಇರಲಿ 50ಕ್ಕಿಂತ ಕಡಿಮೆ ಮಾಡೋ ಹಾಗಿಲ್ಲ. ಕವರ್ 10 ಮಿಮೀ ಹೆಚ್ಚಾದರೆ ಪರವಾಗಿಲ್ಲ, ಒಂದು ಮಿಮೀ ಕಡಿಮೆಯಾದರೂ ಒಪ್ಪೋದಿಲ್ಲ ಅಂತ ಕೂಡ ಅದರಲ್ಲಿದೆ.

ಸೈಟಿನಲ್ಲಿ ಆಗೋದೇನು? ಜಾಲರಿಯ ಕೆಳಗೆ ಕೈಗೆ ಸಿಕ್ಕ ಜಲ್ಲಿ ಚೂರು, ಇಟ್ಟಿಗೆ ತುಂಡು, ಒಡೆದ ಟೈಲ್ಸು. ಅದೂ ಇಡೋದು ಇಂಜಿನಿಯರ್ ಬರ್ತಾರೆ ಅಂತ ಸುದ್ದಿ ಬಂದರೆ ಮಾತ್ರ. ಕಾಂಕ್ರೀಟ್ ಸುರಿಯೋ ರಭಸಕ್ಕೆ ಜಲ್ಲಿ ಉರುಳಿ ಹೋಗುತ್ತೆ, ಇಟ್ಟಿಗೆ ಪುಡಿಯಾಗುತ್ತೆ, ಕಂಬಿ ನೆಲ ಮುಟ್ಟುತ್ತೆ. ಇಟ್ಟಿಗೆ ಚೂರು ಉಳಿದರೆ ಇನ್ನೂ ಕೆಟ್ಟದ್ದು. ಅದು ನೀರು ಹೀರೋ ವಸ್ತು, ಕಂಬಿಗೆ ಉಪ್ಪುನೀರು ಕುಡಿಸೋಕೆ ಬತ್ತಿ ಇಟ್ಟ ಹಾಗೆ. ತುಕ್ಕು ಹಿಡಿದ ಕಬ್ಬಿಣ ಮೊದಲಿದ್ದದ್ದಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಕೇಳುತ್ತೆ. ಒಳಗಿಂದಲೇ ಕಾಂಕ್ರೀಟನ್ನು ಒಡೆದು ಹೊರಗೆ ಬರುತ್ತೆ. ಬೀಚ್ ರಸ್ತೆಯ ಕಡೆ ಹೋದಾಗ ಹಳೇ ಅಪಾರ್ಟ್‌ಮೆಂಟುಗಳ ಜನರೇಟರ್ ಪ್ಯಾಡಿನ ಅಂಚು ನೋಡಿ. ಕಂದು ಬಣ್ಣದ ಗೆರೆ ಇಳಿದಿರುತ್ತೆ, ಚಕ್ಕೆ ಎದ್ದಿರುತ್ತೆ. ಜನ ಅದಕ್ಕೆ ಸುಣ್ಣ ಬಳಿದು ಸುಮ್ಮನಾಗ್ತಾರೆ.

ಇನ್ನು ಯಂತ್ರ ಅಂದಮೇಲೆ ಅದು ಸುಮ್ಮನೆ ಕೂರೋದಿಲ್ಲವಲ್ಲ. ನಡುಗುತ್ತೆ, ಕುಟ್ಟುತ್ತೆ. ಅದಕ್ಕೇ ಐಎಸ್ 2974 ಅಂತ ಬೇರೆಯೇ ಸಂಹಿತೆ ಇದೆ, ಯಂತ್ರಗಳ ಬುನಾದಿಗೋಸ್ಕರ, ಐದು ಭಾಗಗಳಲ್ಲಿ. ಪಿಸ್ಟನ್ ಹಿಂದೆ ಮುಂದೆ ಓಡುವ ಯಂತ್ರಗಳ ಭಾಗದಲ್ಲಿ ಒಂದು ಘನ ಮೀಟರ್ ಕಾಂಕ್ರೀಟಿಗೆ ಕನಿಷ್ಠ 25 ಕೆಜಿ ಕಂಬಿ ಇರಬೇಕು ಅಂತ ಹೇಳಿದೆ. ಈ ಸಾಲು ಎಲ್ಲ ಗುತ್ತಿಗೆದಾರರಿಗೂ ಬಾಯಿಗೆ ಬರುತ್ತೆ. ಅದರ ಜೊತೆಗೇ ಇರೋ ಇನ್ನೊಂದು ಮಾತನ್ನು ಮಾತ್ರ ಯಾರೂ ಓದಿದ ಹಾಗೆ ಕಾಣೋದಿಲ್ಲ. ಆ ಕಂಬಿ ಸಾಮಾನ್ಯವಾಗಿ 12 ಮಿಮೀ, 200ರಿಂದ 250 ಮಿಮೀ ಅಂತರದಲ್ಲಿ, ಬ್ಲಾಕಿನ ಎಲ್ಲಾ ಮುಖಗಳ ಹತ್ತಿರ, ನಿಂತೂ ಮಲಗಿಯೂ ಹಾದುಹೋಗಬೇಕು ಅನ್ನೋ ಮಾತು. ಮುಖದ ಹತ್ತಿರ! ಹೊಟ್ಟೆಯೊಳಗೆ ಗಂಟು ಕಟ್ಟಿ ಹಾಕಿ ಅಂತ ಯಾವ ಪುಸ್ತಕದಲ್ಲೂ ಇಲ್ಲ.

ಇಲ್ಲಿ ಒಂದು ಪ್ರಸಂಗ ಹೇಳಲೇಬೇಕು. ವಿಜಯವಾಡದ ಕಡೆ, ಊರು ಬೀದಿ ಬೇಡ, ಅಣ್ಣತಮ್ಮಂದಿರು ಸೇರಿ ಪವರ್ ಪ್ರೆಸ್ ಹಾಕಿದ್ದರು. ತಾಯಿಯ ಹೆಸರಲ್ಲಿದ್ದ ಮನೆ ಅಡ. ಪ್ರೆಸ್ ಹೊಸದು, ಆರ್ಡರ್ ಇತ್ತು, ಹುಡುಗರು ದುಡಿಯೋರು. ಎಂಟು ತಿಂಗಳಿಗೆ ಪ್ಯಾಡು ಬಿರುಕು ಬಿಡ್ತು. ಬೋಲ್ಟು ಸಡಿಲ, ಪ್ರೆಸ್ಸು ಓರೆ, ಮಾಲು ವಾಪಸ್. ಯಂತ್ರ ಎತ್ತಿಸಿ ಪ್ಯಾಡು ಒಡೆಸಿದರು. ಮೇಲಿನ ಜಾಲರಿ ಒಂದು ಗೇಣು ಕೆಳಗೆ ಸಿಕ್ಕಿತು. ಬೋಲ್ಟಿನ ಗುಂಡಿಗೆ ಅಡ್ಡ ಬಂತು ಅಂತ ನಾಲ್ಕೈದು ಕಂಬಿಯನ್ನು ಅಲ್ಲೇ ಕತ್ತರಿಸಿ ಹಾಕಿದ್ದರು. ಜಗಳ ಶುರುವಾಯಿತು. ಗುತ್ತಿಗೆದಾರ ಏನು ಹೇಳಿದ ಗೊತ್ತಾ? "ತೂಗಿ ನೋಡಿ ಸಾರ್, ಒಂದು ಕೆಜಿ ಕಮ್ಮಿ ಇದ್ದರೆ ಕೇಳಿ" ಅಂದ. ಹಠಕ್ಕೆ ಬಿದ್ದು ಒಡೆದು ತೆಗೆದ ಕಂಬಿಯನ್ನೆಲ್ಲ ತೂಗಿದರು. ಬಿಲ್ಲಿಗೂ ತೂಕಕ್ಕೂ ಸರಿಹೋಯಿತು! ಆತ ಕದ್ದಿರಲಿಲ್ಲ. ಬಿಲ್ಲು ನೂರಕ್ಕೆ ನೂರು ಸತ್ಯ. ಪ್ಯಾಡು ಪೂರ್ತಿ ಸುಳ್ಳು.

ಆಮೇಲೆ ಆಗಿದ್ದು ನಮ್ಮ ಬ್ಯಾಂಕಿನ ಭಾಷೆ. ಯಂತ್ರ ನಿಂತರೆ ಕಂತು ನಿಲ್ಲುತ್ತೆ. ಕಂತು ನಿಂತು 90 ದಿನ ದಾಟಿದರೆ ಖಾತೆ ಎನ್‌ಪಿಎ. ಎರೆಮಣ್ಣಿಗೆ ಕಾಯೋ ತಾಳ್ಮೆ ಇದೆ, ಸಂಹಿತೆಗೂ ಇದೆ, ಬ್ಯಾಂಕಿನ ಕಂಪ್ಯೂಟರಿಗೆ ಇಲ್ಲ. ಆ ತಾಯಿಯ ಮನೆಗೆ ನೋಟೀಸು ಅಂಟಿಸಿದರು. ಒಂದು ಗೇಣು ಎತ್ತರದ ವ್ಯತ್ಯಾಸಕ್ಕೆ ಒಂದು ಮನೆ.

ಈ ಜಾಲರಿ ಕುಸಿಯೋದು ಹೇಗೆ ಅಂತಲೂ ಹೇಳಿಬಿಡ್ತೀನಿ. ಯಾಕೆಂದರೆ ಎಲ್ಲರೂ ಕೂಲಿಯವನ ಮೇಲೆ ಹಾಕಿ ಕೈ ತೊಳಕೊಳ್ತಾರೆ. ಕಂಬಿ ಕಟ್ಟೋ ಹುಡುಗರು ಶ್ರೀಕಾಕುಳಂನಿಂದಲೋ ಒಡಿಶಾದಿಂದಲೋ ಬಂದಿರ್ತಾರೆ. ಅವರ ಕೂಲಿ ಟನ್ ಲೆಕ್ಕ. ಎಷ್ಟು ಟನ್ ಕಟ್ಟಿದೆ ಅನ್ನೋದಕ್ಕೆ ದುಡ್ಡು, ಎಷ್ಟು ನೇರ ಕಟ್ಟಿದೆ ಅನ್ನೋದಕ್ಕೆ ಬರೀ ಬೈಗುಳ. ಮೇಲಿನ ಜಾಲರಿಯನ್ನು ಎತ್ತಿ ಹಿಡಿಯೋಕೆ ಕಂಬಿಯನ್ನೇ ಬಗ್ಗಿಸಿ ಮಾಡಿದ ಕಾಲುಗಳು ಬೇಕು, ಚೇರ್ ಅಂತಾರೆ. ಹತ್ತು ಬೇಕಾದ ಕಡೆ ಮೂರು ಇಡ್ತಾರೆ. ಆಮೇಲೆ ಕಾಂಕ್ರೀಟ್ ದಿನ ಬಾಂಡ್ಲಿ ಹೊತ್ತವರು, ವೈಬ್ರೇಟರ್ ಹಿಡಿದವರು, ಮೇಸ್ತ್ರಿ, ಫೋಟೋ ತೆಗೆಯೋ ಮಾಲೀಕರ ಮಗ, ಎಲ್ಲರೂ ಅದೇ ಜಾಲರಿ ಮೇಲೆ ಓಡಾಡ್ತಾರೆ. ಓಡಾಡೋಕೆ ಹಲಗೆ ಹಾಕಬೇಕು ಅನ್ನೋದು ಯಾರಿಗೂ ನೆನಪಿರೋದಿಲ್ಲ. "ಪರವಾಗಿಲ್ಲ, ಕಾಂಕ್ರೀಟ್ ಹಾಕ್ತಾ ಕೊಕ್ಕೆಯಿಂದ ಎತ್ತಿಬಿಡ್ತೀವಿ" ಅಂತಾರೆ. ಎತ್ತಿದ್ದು ಮುಂದಿನ ಹೆಜ್ಜೆಗೆ ಮತ್ತೆ ಕೂರುತ್ತೆ. ಹಸಿ ಕಾಂಕ್ರೀಟಿನಲ್ಲಿ ಕಂಬಿ ಎಲ್ಲಿ ನಿಂತಿತು ಅಂತ ದೇವರಿಗೇ ಗೊತ್ತು.

ಲೆಕ್ಕದವನ ಕಣ್ಣಿಗೆ ಇಲ್ಲಿ ಇನ್ನೊಂದು ಕಾಣುತ್ತೆ. ಬಿಲ್ಲಿನಲ್ಲಿ ಕಂಬಿಗೆ ಒಂದು ಸಾಲು, ಕಾಂಕ್ರೀಟಿಗೆ ಒಂದು ಸಾಲು, ಸೆಂಟ್ರಿಂಗಿಗೆ ಒಂದು ಸಾಲು ಇರುತ್ತೆ. ಕವರ್ ಬ್ಲಾಕಿಗೆ ಸಾಮಾನ್ಯವಾಗಿ ಪ್ರತ್ಯೇಕ ಸಾಲೇ ಇರೋದಿಲ್ಲ. ಕಂಬಿಯ ದರದಲ್ಲೇ ಸೇರಿಕೊಂಡಿದೆ ಅಂತ ಲೆಕ್ಕ. ದರದಲ್ಲಿ ಸೇರಿಕೊಂಡದ್ದು ಕೆಲಸದಲ್ಲಿ ಕಳೆದುಹೋಗುತ್ತೆ. ಇದು ಬರೀ ಕಟ್ಟಡದ ನಿಯಮ ಅಲ್ಲ, ಜಗತ್ತಿನ ನಿಯಮ. ನಮ್ಮ ಆ ಆರು ಚದರ ಮೀಟರ್ ಪ್ಯಾಡಿಗೆ ಬೇಕಾಗೋದು ಮೂವತ್ತು ಕವರ್ ಬ್ಲಾಕ್, ಎಂಟು ಹತ್ತು ಚೇರ್. ಇದರ ಖರ್ಚು ಆವತ್ತು ಕೆಲಸಗಾರರಿಗೆ ಕೊಡಿಸೋ ಟೀ ಬನ್ನಿನ ಲೆಕ್ಕದ ಆಚೀಚೆ. ಪ್ರೆಸ್ಸಿನ ಬೆಲೆ ಲಕ್ಷಗಳಲ್ಲಿ.

ಸಣ್ಣ ವಿಷಯವನ್ನು ದೊಡ್ಡದು ಮಾಡ್ತಿದ್ದೀನಿ ಅಂತ ಅನ್ನಿಸಿದರೆ ಈ ಎರಡನ್ನು ಕೇಳಿ. 1981ರ ಮಾರ್ಚ್‌ನಲ್ಲಿ ಅಮೆರಿಕದ ಫ್ಲಾರಿಡಾದ ಕೋಕೋ ಬೀಚ್‌ನಲ್ಲಿ ಹಾರ್ಬರ್ ಕೇ ಅನ್ನೋ ಐದು ಅಂತಸ್ತಿನ ಕಟ್ಟಡ ಕಟ್ಟುತ್ತಿರುವಾಗಲೇ ಕುಸಿದು 11 ಕೆಲಸಗಾರರು ಸತ್ತರು. ತನಿಖೆಯಲ್ಲಿ ಎರಡು ಕಾರಣ ಬಂತು. ಒಂದು, ಕಂಬ ಹಾಸನ್ನು ತೂರಿಕೊಂಡು ಬರುತ್ತದೆಯೇ ಅಂತ ವಿನ್ಯಾಸದಲ್ಲಿ ಪರೀಕ್ಷೆ ಮಾಡಿರಲಿಲ್ಲ. ಎರಡು, ಮೇಲಿನ ಕಂಬಿಯ ಕೆಳಗೆ ಇಟ್ಟ ಚೇರ್ ಗಿಡ್ಡ ಇತ್ತು. ಕಂಬಿ ಸುಮಾರು ಒಂದು ಇಂಚು ಕೆಳಗೆ ಕೂತಿತ್ತು. ಒಂದೇ ಇಂಚು!

ಇನ್ನೊಂದು ಕೆನಡಾದ್ದು. ಕ್ವಿಬೆಕ್ ಪ್ರಾಂತ್ಯದ ಲಾವಾಲ್ ಊರಿನಲ್ಲಿ 2006ರ ಸೆಪ್ಟೆಂಬರ್ 30ರಂದು ಒಂದು ಮೇಲ್ಸೇತುವೆ ಕೆಳಗಿನ ರಸ್ತೆಯ ಮೇಲೆ ಬಿದ್ದು ಐದು ಜನ ಸತ್ತರು. ಪಿಯರ್ ಮಾರ್ಕ್ ಜಾನ್ಸನ್ ಅವರ ಆಯೋಗ ಮರುವರ್ಷ ವರದಿ ಕೊಟ್ಟಿತು. ಕಾಂಕ್ರೀಟ್ ಕಳಪೆ, ವಿನ್ಯಾಸದಲ್ಲೂ ಕೊರತೆ, ಜೊತೆಗೆ ಕೆಲವು ಕಂಬಿಗಳನ್ನು ತಪ್ಪು ಜಾಗದಲ್ಲಿ ಕೂರಿಸಲಾಗಿತ್ತು ಅಂತ. ಆ ಸೇತುವೆ ಕಟ್ಟಿದ್ದು 1970ರಲ್ಲಿ. ಕಂಬಿ ಕಟ್ಟಿದ ದಿನದ ತಪ್ಪು ಮೂವತ್ತಾರು ವರ್ಷ ಕಾಂಕ್ರೀಟಿನ ಒಳಗೆ ಸುಮ್ಮನೆ ಕೂತಿತ್ತು.

ನಮ್ಮ ಕರ್ನಾಟಕವನ್ನು ಬಿಡೋದು ಬೇಡ. 2023ರ ಜನವರಿ 10ರಂದು ಬೆಂಗಳೂರಿನ ನಾಗವಾರದ ಹತ್ತಿರ ಮೆಟ್ರೋ ಕಂಬಕ್ಕೆ ಕಟ್ಟಿ ನಿಲ್ಲಿಸಿದ್ದ ಕಂಬಿಯ ಪಂಜರ ರಸ್ತೆಗೆ ಉರುಳಿ ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದ ತಾಯಿ ಮತ್ತು ಪುಟ್ಟ ಮಗ ಸತ್ತರು. ಅದು ಬೇರೆ ಥರದ ಅವಘಡ, ಒಪ್ಪಿದೆ. ಪಾಠ ಮಾತ್ರ ಅದೇ: ಕಂಬಿ ಕಟ್ಟಿದರೆ ಸಾಲದು, ಕಾಂಕ್ರೀಟ್ ಬಿದ್ದು ಗಟ್ಟಿಯಾಗೋವರೆಗೂ ಅದು ಕಟ್ಟಿದ ಕಡೆಯೇ ನಿಲ್ಲಬೇಕು. ನಿಲ್ಲಿಸೋದೂ ಒಂದು ಕೆಲಸ, ಅದಕ್ಕೂ ಒಬ್ಬ ಜವಾಬ್ದಾರ ಬೇಕು.

ಈಗ ನಮ್ಮವರ ಕಡೆ ಬರ್ತೀನಿ. ನಮ್ಮವರು ಅಂದರೆ ಬ್ಯಾಂಕಿನವರು. ಸಾಲ ಬಿಡುಗಡೆ ಆಗೋ ಕ್ರಮ ನೋಡಿ. ಮೊದಲು ಸಿವಿಲ್ ಕೆಲಸಕ್ಕೆ ದುಡ್ಡು, ಆಮೇಲೆ ಯಂತ್ರಕ್ಕೆ ದುಡ್ಡು. ಯಂತ್ರಕ್ಕೆ ಮುಂಗಡ ಹೋಗೋವರೆಗೆ ತಯಾರಕರು ಬುನಾದಿಯ ನಕ್ಷೆ ಕಳಿಸೋದಿಲ್ಲ. ಅಷ್ಟರಲ್ಲಿ ಶೆಡ್ಡಿನ ಜೊತೆಗೆ ಪ್ಯಾಡೂ ಮುಗಿದಿರುತ್ತೆ, ಯಾಕೆಂದರೆ "ಸಿವಿಲ್ ಕೆಲಸ ಪೂರ್ಣ" ಅಂತ ಸರ್ಟಿಫಿಕೇಟ್ ಬಾರದೆ ಮುಂದಿನ ಕಂತು ಬಿಡುಗಡೆ ಇಲ್ಲ. ಬೋಲ್ಟಿನ ಜಾಗ ಎಲ್ಲಿ ಅಂತ ಗೊತ್ತಿಲ್ಲದೆ ಪ್ಯಾಡು ಹಾಕಿ, ಆಮೇಲೆ ನಕ್ಷೆ ಬಂದಾಗ ಕೊರೆದು, ಕಂಬಿ ಕತ್ತರಿಸಿ, ಬೋಲ್ಟು ಕೂರಿಸೋದು. ತಪ್ಪು ಮಾಡಿಸೋ ಹಾಗೆ ನಾವೇ ಕ್ರಮ ಹಾಕಿಕೊಟ್ಟಿದ್ದೀವಿ! ಇನ್ನು ಮೌಲ್ಯಮಾಪಕರ ವರದಿ. ಬಣ್ಣದ ಫೋಟೋ ಇರುತ್ತೆ: ಶೆಡ್ಡಿನ ಮುಂದೆ ಮಾಲೀಕ, ಪಕ್ಕದಲ್ಲಿ ಬೋರ್ಡು, ನಯವಾದ ಬೂದು ಬಣ್ಣದ ಪ್ಯಾಡು. ಕಾಂಕ್ರೀಟ್ ಬಿದ್ದ ಮೇಲಿನ ಫೋಟೋದಿಂದ ಏನು ತಿಳಿಯುತ್ತೆ? ಹೋಳಿಗೆಯ ಮೇಲ್ಭಾಗ ನೋಡಿ ಹೂರಣ ಹೇಗಿದೆ ಅಂತ ಹೇಳಿದ ಹಾಗೆ.

ತಮಾಷೆ ಏನು ಗೊತ್ತಾ? ಲೆಕ್ಕಶಾಸ್ತ್ರದಲ್ಲಿ ಈ ಪ್ಯಾಡಿನ ಸ್ಥಾನ ಬಹಳ ದೊಡ್ಡದು. ಯಂತ್ರಕ್ಕಾಗಿಯೇ ಹಾಕಿದ ವಿಶೇಷ ಬುನಾದಿಯ ಖರ್ಚನ್ನು ಯಂತ್ರದ ಬೆಲೆಗೇ ಸೇರಿಸಬೇಕು ಅಂತ ನಾವು ಬಿಕಾಂನಲ್ಲೇ ಓದಿದ್ದು. ಸ್ಥಿರ ಆಸ್ತಿಗಳ ಬಗ್ಗೆ ಇದ್ದ ಹಳೆಯ ಎಎಸ್ 10 ಅದನ್ನೇ ಹೇಳ್ತಿತ್ತು. ಅಂದರೆ ಕಾಗದದ ಮೇಲೆ ಪ್ಯಾಡು ಯಂತ್ರದ ಒಂದು ಭಾಗ. ಶೆಡ್ಡಿನಲ್ಲಿ ಮಾತ್ರ ಅದು ಬರೀ ನೆಲ, ಮೇಸ್ತ್ರಿಗೆ ಬಿಟ್ಟಿದ್ದು. ಪ್ರೆಸ್ಸಿನ ಒಂದು ಬೇರಿಂಗ್ ತಪ್ಪಾಗಿ ಕೂತಿದೆ ಅಂದರೆ ಮಾಲೀಕರು ಕಂಪನಿಯವರನ್ನು ಚೆನ್ನೈನಿಂದ ಕರೆಸ್ತಾರೆ. ಅದೇ ಪ್ರೆಸ್ಸಿನ ಭಾಗವಾದ ಪ್ಯಾಡಿನಲ್ಲಿ ಒಂದು ಜಾಲರಿ ಪೂರಾ ತಪ್ಪಾಗಿ ಕೂತಿದ್ದರೆ ಯಾರನ್ನೂ ಕರೆಸೋದಿಲ್ಲ.

"ಜಾಸ್ತಿ ಕಂಬಿ ಹಾಕಿಬಿಡೋಣ ಸಾರ್, ತಲೆನೋವೇ ಬೇಡ" ಅನ್ನೋ ಪರಿಹಾರ ಒಂದಿದೆ. ಇದು ತೂಕದ ರೋಗಕ್ಕೆ ತೂಕದ್ದೇ ಔಷಧಿ. ತಪ್ಪು ಜಾಗದಲ್ಲಿ ಎರಡರಷ್ಟು ಕಂಬಿ ಹಾಕಿದರೆ ತಪ್ಪು ಎರಡರಷ್ಟು ಆಗುತ್ತೆ. ಕಂಬಿ ದಟ್ಟವಾದರೆ ಜಲ್ಲಿ ಕೆಳಗಿಳಿಯೋದಿಲ್ಲ, ವೈಬ್ರೇಟರ್ ನುಗ್ಗೋದಿಲ್ಲ, ಒಳಗೆ ಜೇನುಗೂಡಿನ ಥರ ಪೊಳ್ಳು ಉಳಿಯುತ್ತೆ. 2018ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಟ್ರಿನಿಟಿ ಮೆಟ್ರೋ ನಿಲ್ದಾಣದ ಹತ್ತಿರ ಕಾಂಕ್ರೀಟಿನಲ್ಲಿ ಇಂಥದ್ದೇ ಜೇನುಗೂಡು ಕಾಣಿಸಿಕೊಂಡು ಎಷ್ಟು ಗಲಾಟೆ ಆಯಿತು ಅಂತ ನಿಮಗೆ ನೆನಪಿರಬೇಕು.

ಹಾಗಾದರೆ ಏನು ಮಾಡಬೇಕು? ನನ್ನ ಬೇಡಿಕೆ ಬಹಳ ಸಣ್ಣದು. ಕಾಂಕ್ರೀಟ್ ಸುರಿಯೋ ಮುಂಚೆ ಒಂದು ಗಂಟೆ ಕೆಲಸ ನಿಲ್ಲಬೇಕು. ಆ ಗಂಟೆಯಲ್ಲಿ ನಕ್ಷೆ ಓದಬಲ್ಲ ಒಬ್ಬರು ಟೇಪು ಹಿಡಿದು ಬಂದು ನೋಡಬೇಕು. ಕೆಳಗಿನ ಕಂಬಿಯ ಅಡಿಯಲ್ಲಿ ಎಷ್ಟು ಮಿಮೀ ಇದೆ? ಮೇಲಿನ ಜಾಲರಿ ಎಷ್ಟು ಎತ್ತರದಲ್ಲಿದೆ? ಅದರ ಮೇಲೆ ಒಬ್ಬ ನಿಂತರೆ ಕುಸಿಯುತ್ತದಾ? ಬೋಲ್ಟಿನ ಗುಂಡಿ ಎಲ್ಲಿ, ಅಲ್ಲಿ ಕಂಬಿ ಕತ್ತರಿಸಿದ್ದಾರಾ, ಕತ್ತರಿಸಿದ್ದರೆ ಸುತ್ತ ಬೇರೆ ಕಂಬಿ ಕೊಟ್ಟಿದ್ದಾರಾ? ಟೇಪು ಕಾಣೋ ಹಾಗೆ ನಾಲ್ಕು ಫೋಟೋ. ಹೆಸರು ಬರೆದು ಸಹಿ. ಆಮೇಲೆ ಸುರಿಯಿರಿ. 200 ಮಿಮೀ ಮೀರಿದ ಆಳದಲ್ಲಿ ಕಂಬಿಯ ಸ್ಥಾನ 15 ಮಿಮೀ ಆಚೀಚೆ ಆಗೋದನ್ನು ಐಎಸ್ 456 ಒಪ್ಪುತ್ತೆ. ಯಾರೂ ಅಸಾಧ್ಯವಾದದ್ದನ್ನು ಕೇಳ್ತಿಲ್ಲ. ಗೇಣು ಬೇಡ, ಹೆಬ್ಬೆರಳಿನ ಅಗಲದೊಳಗೆ ಇರಲಿ ಅಂತಿದ್ದಾರೆ.

ಬ್ಯಾಂಕುಗಳು ಈ ನಾಲ್ಕು ಫೋಟೋ ಬಾರದೆ ಬುನಾದಿಯ ದುಡ್ಡು ಬಿಡಬಾರದು. ಯಂತ್ರದ ನಕ್ಷೆ ಬರೋ ಮುಂಚೆ ಪ್ಯಾಡು ಹಾಕು ಅಂತ ಒತ್ತಾಯ ಮಾಡೋ ಕ್ರಮವನ್ನು ಮೊದಲು ಬದಲಿಸಬೇಕು. ಗುತ್ತಿಗೆಯಲ್ಲಿ ಕವರ್ ಬ್ಲಾಕಿಗೂ ಚೇರಿಗೂ ಬೇರೆ ಸಾಲು, ಬೇರೆ ದರ ಇರಬೇಕು. ಕಂಬಿ ಕಟ್ಟೋ ಹುಡುಗರಿಗೆ ಟನ್ನಿನ ಕೂಲಿಯ ಜೊತೆಗೆ ಆ ಒಂದು ಗಂಟೆಯ ಪರೀಕ್ಷೆಯಲ್ಲಿ ಪಾಸಾದದ್ದಕ್ಕೂ ನಾಲ್ಕು ಕಾಸು ಕೊಡಿ. ಮುಂದಿನ ಸಲ ಅವರೇ ಹಲಗೆ ಹಾಸಿಕೊಳ್ತಾರೆ, ನೋಡಿ ಬೇಕಾದರೆ. ಈಗಾಗಲೇ ಹಾಕಿಬಿಟ್ಟ ಪ್ಯಾಡಿನ ಬಗ್ಗೆ ಅನುಮಾನ ಇದ್ದರೆ ಕವರ್ ಮೀಟರ್ ಅನ್ನೋ ಉಪಕರಣ ಇದೆ, ಒಡೆಯದೇ ಕಂಬಿ ಎಷ್ಟು ಒಳಗಿದೆ ಅಂತ ಮೇಲಿನಿಂದಲೇ ಹೇಳುತ್ತೆ. ಪರೀಕ್ಷಾ ಲ್ಯಾಬುಗಳಲ್ಲಿ ಸಿಗುತ್ತೆ. ಲಕ್ಷಗಟ್ಟಲೆಯ ಯಂತ್ರ ಕೂರಿಸೋ ಮುಂಚೆ ಅದೊಂದು ಮಾಡಿಸಿ.

ಕೊನೆಗೆ ಹೊರನಾಡಿನಲ್ಲಿರೋ ನಮ್ಮ ಕನ್ನಡದವರಿಗೆ ಎರಡು ಮಾತು. ನಮ್ಮಲ್ಲಿ ಬಹಳ ಜನ ದೂರದಲ್ಲಿ ಕೂತು ಕೆಲಸ ಮಾಡಿಸೋರು. ಅಣ್ಣನ ಮಗನ ವರ್ಕ್‌ಶಾಪಿಗೋ, ಊರಿನ ಹಿಟ್ಟಿನ ಗಿರಣಿಗೋ, ಭಾವನ ಕ್ವಾರಿಯ ಕಂಪ್ರೆಸರಿಗೋ ದುಡ್ಡು ಕಳಿಸ್ತೀವಿ, ಜಾಮೀನು ನಿಲ್ತೀವಿ. ಅವರು ವಾಟ್ಸಾಪಿನಲ್ಲಿ ಕಂಬಿಯ ಲಾರಿ ಬಂದ ಫೋಟೋ ಕಳಿಸ್ತಾರೆ, ಪೂಜೆಯ ಫೋಟೋ ಕಳಿಸ್ತಾರೆ, ಕಾಂಕ್ರೀಟ್ ಮುಗಿದ ಫೋಟೋ ಕಳಿಸ್ತಾರೆ. ನಾವು ಹೆಬ್ಬೆರಳು ಎತ್ತಿ ಕಳಿಸ್ತೀವಿ. ಲಾರಿಗೂ ಕಾಂಕ್ರೀಟಿಗೂ ನಡುವಿನ ಒಂದು ಫೋಟೋ ಕೇಳಿ. ಟೇಪು ಹಿಡಿದು, ಕಂಬಿಯ ಅಡಿಯಲ್ಲಿ ಎಷ್ಟಿದೆ ಅಂತ ತೋರಿಸೋ ಫೋಟೋ. "ಏನೋ ಚಿಕ್ಕಪ್ಪ, ನಂಬಿಕೆ ಇಲ್ವಾ?" ಅಂತಾರೆ. "ನಿನ್ನ ಮೇಲೆ ಇದೆ ಮಗಾ, ನೀನು ಹಾಕಿಸಿದ ಇಟ್ಟಿಗೆ ಚೂರಿನ ಮೇಲೆ ಇಲ್ಲ" ಅನ್ನಿ.

ಹಕ್ಕು ಅಂತ ಪಡೆದ ಉಕ್ಕೇ ಆಗಲಿ, ಸಾಲ ಮಾಡಿ ತಂದ ಉಕ್ಕೇ ಆಗಲಿ, ಅದರ ಕೆಲಸ ಶುರುವಾಗೋದು ತನ್ನ ಜಾಗದಲ್ಲಿ ಕೂತ ಮೇಲೆ. ಆ ಜಾಗ ಕಣ್ಣಿಗೆ ಕಾಣೋದು ಕಾಂಕ್ರೀಟ್ ಬೀಳೋ ಹಿಂದಿನ ಒಂದು ಗಂಟೆ ಮಾತ್ರ. ಆ ಗಂಟೆಯಲ್ಲಿ ಅಲ್ಲಿರಿ. ಉಳಿದ ಇಪ್ಪತ್ತು ವರ್ಷ ನೀವು ಬೇಕಾದಲ್ಲಿರಿ.